ಗಂಗೆಯ ಬೋಗುಣಿಯಲ್ಲಿದ್ದ ಐದು ಗಿಡ

ಬಾಣಂತನ ಮುಗಿಸಿ ಹಲಸೂರಿನ ತವರಿನಿಂದ ಕಗ್ಗದಾಸಪುರದ ಅತ್ತೆಮನೆಗೆ ಹೊರಟಾಗ ಜಟಕಾದಲ್ಲಿ ನನ್ನ ಜೊತೆ ಐದು ತಿಂಗಳ ಮಗು, ಮರದ ತೊಟ್ಟಿಲು ಮತ್ತು ಒಂದು ಬಿಸ್ಕತ್ತಿನ ಡಬ್ಬಿ ಇದ್ದವು. ಡಬ್ಬಿಯಲ್ಲಿ ಬಿಸ್ಕತ್ತು ಇರಲಿಲ್ಲ. ಅರ್ಧದವರೆಗೆ ನೀರು, ನೀರಿನ ಮೇಲೆ ತೇಲುವ ಮೂರು ಗಿಡ. ಹಿಂದಿನ ದಿನ ಮಗುವನ್ನು ತೋರಿಸಲು ನಾನು ಓದಿದ ಕಾನ್ವೆಂಟಿಗೆ ಹೋಗಿದ್ದೆ. ನನಗೆ ಹೊಲಿಗೆ ಕಲಿಸಿದ ಸಿಸ್ಟರ್ ಮಗುವಿನ ಹಣೆಯನ್ನು ಹೆಬ್ಬೆರಳಿನಿಂದ ಮುಟ್ಟಿ ಹರಸಿ, ಏನಾದರೂ ಕೊಡಬೇಕಲ್ಲ ಎಂದು ಸುತ್ತ ನೋಡಿ, ತೋಟದ ಸಿಮೆಂಟು ತೊಟ್ಟಿಯಿಂದ ಅವನ್ನು ಎತ್ತಿಕೊಟ್ಟಿದ್ದರು. ಯಾರೋ ಮಿಲಿಟರಿ ಅಧಿಕಾರಿಯ ಹೆಂಡತಿ ಕಲ್ಕತ್ತೆಯಿಂದ ತಂದ ಗಿಡವಂತೆ.

ಯುದ್ಧದ ಕಾಲ. ಹಳೇ ಮದ್ರಾಸ್ ರಸ್ತೆಯ ತುಂಬ ಸೈನ್ಯದ ಲಾರಿಗಳು. ಒಂದೊಂದು ಲಾರಿ ಹಾದಾಗಲೂ ಕುದುರೆ ಬೆದರುತ್ತಿತ್ತು. ನಾನು ಒಂದು ಕೈಯಲ್ಲಿ ಮಗುವನ್ನೂ ಇನ್ನೊಂದರಲ್ಲಿ ಡಬ್ಬಿಯನ್ನೂ ಅವುಚಿಕೊಳ್ಳುತ್ತಿದ್ದೆ. ಒಂದು ಹನಿಯೂ ಚೆಲ್ಲದಂತೆ ತಂದೆ. ಅಷ್ಟು ಜೋಪಾನ ಮಾಡಬೇಕಾಗಿರಲಿಲ್ಲ.

ನಮ್ಮ ಹಿತ್ತಿಲಲ್ಲಿ ದನಗಳಿಗೆ ನೀರು ಕುಡಿಸುವ ಹಳೆಯ ಕಲ್ಲುಬಾನಿಯೊಂದಿತ್ತು. ಅದರಲ್ಲಿ ಬಿಟ್ಟೆ. ಎಲೆಯ ಕಾಂಡ ನಡುವೆ ಊದಿಕೊಂಡು ಬಲೂನಿನ ಹಾಗಿತ್ತು. ಒತ್ತಿದರೆ ಒಳಗೆ ಗಾಳಿ ಕಿರುಗುಟ್ಟುತ್ತಿತ್ತು. ಬೇರು ಹೆರಳು ಬಿಚ್ಚಿದ ಕೂದಲಿನಂತೆ ಕಪ್ಪಗೆ ನೀರಲ್ಲಿ ಇಳಿಬಿದ್ದಿರುತ್ತಿತ್ತು. ಅತ್ತೆ ಬಗ್ಗಿ ನೋಡಿ, "ಏನೇ ಇದು, ಬಸುರಿ ಗಿಡ ಇದ್ದಂಗೈತೆ" ಎಂದರು. ಹೂ ಬಿಟ್ಟ ದಿನ ಮಾತ್ರ ತಮಾಷೆ ಮಾಡಲಿಲ್ಲ. ತಿಳಿ ನೇರಳೆಯ ದಳ, ಮೇಲಿನ ದಳದಲ್ಲೊಂದು ಹಳದಿ ಚುಕ್ಕೆ, ನವಿಲುಗರಿಯ ಕಣ್ಣಿನ ಹಾಗೆ. ಅತ್ತೆ ಸೆರಗಿನಲ್ಲಿ ಕೈ ಒರೆಸಿಕೊಂಡು ಅದನ್ನು ಮುಟ್ಟಿದರು.

ಮೂರು ತಿಂಗಳಲ್ಲಿ ಬಾನಿಯಲ್ಲಿ ನೀರು ಕಾಣದಾಯಿತು. ತಾಯಿಗಿಡದ ಬುಡದಿಂದ ಎಳೆಯ ಬಳ್ಳಿಯೊಂದು ಹೊಕ್ಕುಳಬಳ್ಳಿಯಂತೆ ಹೊರಟು, ತುದಿಯಲ್ಲಿ ಮರಿಗಿಡ ಮೂಡುತ್ತಿತ್ತು. ನಾಲ್ಕು ದಿನಕ್ಕೆ ಆ ಮರಿಯೇ ಬಳ್ಳಿ ಚಾಚುತ್ತಿತ್ತು. ನಾನು ಅದನ್ನು ನೋಡಿ ಹೆಮ್ಮೆಪಟ್ಟೆ. ಅತ್ತೆಮನೆಯಲ್ಲಿ ನನ್ನದು ಅಂತ ಬೆಳೆದದ್ದು ಅದೊಂದೇ.

ಗೌರಿ ಹಬ್ಬದ ಹಿಂದಿನ ದಿನ ಮಧ್ಯಾಹ್ನ ನಮ್ಮಪ್ಪ ಬಾಗಿನ ತಂದರು. ಮೊರ, ಬಳೆ, ರವಿಕೆ ಕಣ, ಅವುಗಳ ಅಡಿಯಲ್ಲಿ ಒಂದು ಲಕೋಟೆ.

"ನಿಮ್ಮ ಸಿಸ್ಟರಮ್ಮ ಮನೆವರೆಗೂ ನಡ್ಕೊಂಡು ಬಂದು ಕೊಟ್ಟು ಹೋದ್ರು. ಅರ್ಜೆಂಟು ಅಂದ್ರು. ಏನಮ್ಮಾ, ನಿಂಗೆ ಇನ್ನೂ ಹೋಂವರ್ಕ್ ಬಾಕಿ ಇದ್ಯಾ?" ಎಂದು ಅಪ್ಪ ನಕ್ಕರು.

ಆ ಮನೆಯಲ್ಲಿ ಇಂಗ್ಲಿಷ್ ಓದಬಲ್ಲವರು ನಾನು ಮತ್ತು ನನ್ನ ಗಂಡ. ಅವರು ದಂಡಿನ, ಅಂದರೆ ಕಂಟೋನ್ಮೆಂಟಿನ ಕಡೆಯ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದು ಭಾನುವಾರ ಮಾತ್ರ ಬರುತ್ತಿದ್ದರು. ಅಡುಗೆಮನೆಯ ಬೆಳಕಿಂಡಿಯ ಕೆಳಗೆ ನಿಂತು ಓದಿದೆ. ಸಿಸ್ಟರರ ಅಕ್ಷರ ಯಾವಾಗಲೂ ಹೊಲಿಗೆಯಷ್ಟು ನೇರ. ಅಂದು ಸಾಲು ಓರೆಯಾಗಿತ್ತು. ತಿಳಿಯದೆ ತಪ್ಪು ಮಾಡಿದೆ ಎಂದು ಬರೆದಿದ್ದರು. ಅವರ ತೊಟ್ಟಿಯ ಗಿಡ ಮಳೆನೀರಿನ ಚರಂಡಿಗೆ ಇಳಿದು, ಚರಂಡಿಯಿಂದ ಹತ್ತಿರದ ಹೊಂಡಕ್ಕೆ ಸೇರಿ, ಈಗ ಹೊಂಡವೇ ಕಾಣುವುದಿಲ್ಲವಂತೆ. ಒಳಗಿನ ಮೀನು ಸತ್ತು ನಾತ ಬರುತ್ತಿದೆಯಂತೆ, ಸೊಳ್ಳೆ ಮುತ್ತಿದೆಯಂತೆ. ಆರೋಗ್ಯದ ಇನ್‌ಸ್ಪೆಕ್ಟರು ಬಂದು ಬೈದು, ಬಂಗಾಳದಲ್ಲಿ ಇದು ದೋಣಿಗಳನ್ನೇ ತಡೆದು ನಿಲ್ಲಿಸಿದೆ ಎಂದು ಹೇಳಿ ಹೋದರಂತೆ. "ಬೇರುಸಮೇತ ಎತ್ತು. ನೀರಿನಿಂದ ದೂರ, ಬೇರು ಮೇಲಾಗುವಂತೆ ಒಣಗಿಸು. ಆಮೇಲೆ ಸುಡು. ಕತ್ತರಿಸಬೇಡ, ಬೆರಳುದ್ದದ ತುಂಡೂ ಬದುಕುತ್ತದೆ. ಮಗಳೇ, ಕೆರೆಯ ನೀರಿಗೆ ಮಾತ್ರ ಬೀಳದಂತೆ ನೋಡಿಕೋ."

"ಏನಂತೆ?" ಅತ್ತೆ ಕೇಳಿದರು.

"ಮಗು ಹೇಗಿದೆ ಅಂತ ಕೇಳಿದಾರೆ, ಅತ್ತೆ."

ಆ ಸುಳ್ಳು ಎಷ್ಟು ಸಲೀಸಾಗಿ ಬಂತು ಎಂದು ನೆನೆದರೆ ಈಗಲೂ ಮುಖ ಬಿಸಿಯಾಗುತ್ತದೆ. ಮಗುವನ್ನು ಕಾನ್ವೆಂಟಿಗೆ ಕರೆದುಕೊಂಡು ಹೋಗಿದ್ದೇ ಅತ್ತೆಗೆ ಹಿಡಿಸಿರಲಿಲ್ಲ. ಅಲ್ಲಿಂದ ತಂದದ್ದು ಕೇಡಿನ ಗಿಡ ಎಂದು ಹಬ್ಬದ ಹಿಂದಿನ ದಿನ, ನಮ್ಮಪ್ಪನ ಎದುರಿಗೆ ಹೇಳಲು ನನಗೆ ಬಾಯಿ ಬರಲಿಲ್ಲ. ಅಪ್ಪ ಹೊರಟ ಮೇಲೆ ಬಾನಿ ತೊಳೆಯುವ ನೆಪ ಮಾಡಿ ಗಿಡಗಳನ್ನೆಲ್ಲ ಎತ್ತಿ, ಬೆರಣಿ ತಟ್ಟುವ ಗೋಡೆಯ ಮೇಲೆ ಬೇರು ಮೇಲಾಗಿ ಹರಡಿದೆ. ಮುಗಿಯಿತು ಅಂದುಕೊಂಡೆ.

ಬೆಳಿಗ್ಗೆ ಪೂಜೆಗೆ ಕುಳಿತಾಗ ನೋಡಿದೆ. ಗೌರಿಯ ಪಕ್ಕದಲ್ಲಿ ಗಂಗೆಗೆಂದು ನೀರು ತುಂಬಿಟ್ಟ ಹಿತ್ತಾಳೆ ಬೋಗುಣಿ. ಅದರಲ್ಲಿ ಐದು ಗಿಡ, ಎರಡರಲ್ಲಿ ಹೂ. ಆಗಲೇ ಅರಿಶಿನ ಕುಂಕುಮ ಬಿದ್ದಿತ್ತು.

"ನಿನ್ನೆ ಬೆಳಗ್ಗೆನೇ ಎತ್ತಿಟ್ಕಂಡಿದ್ದೆ" ಎಂದರು ಅತ್ತೆ. "ಇವತ್ತೇ ಅರಳೈತೆ ನೋಡು. ಗೌರಮ್ಮನೇ ಕೇಳಿ ಇಸ್ಕಂಡವ್ಳೆ."

ಅಂದು ಸಂಜೆ ಮಗುವಿಗೆ ಜ್ವರ ಬಂತು. ಮಾರನೆಯ ದಿನ ಏರಿತು. ಹಾಲು ಕುಡಿಯಲು ಬಾಯಿಟ್ಟಾಗ ಅದರ ತುಟಿ ನನ್ನನ್ನು ಸುಡುತ್ತಿತ್ತು. ಮೂರನೆಯ ದಿನ ಗೌರಿ ಗಣೇಶನನ್ನು ಕೆರೆಗೆ ಬಿಡುವುದು. ದೇವರಿಗೆ ಏರಿಸಿದ್ದನ್ನು ನಮ್ಮಲ್ಲಿ ತುಳಿಯುವುದಿಲ್ಲ, ಕಸಕ್ಕೆ ಹಾಕುವುದಿಲ್ಲ, ಬೆಂಕಿಗಂತೂ ಇಲ್ಲವೇ ಇಲ್ಲ. ನೀರಿಗೆ ಬಿಡುತ್ತೇವೆ. ಗಂಗೆಯ ಬೋಗುಣಿಯೂ ಹೊರಟಿತು. ದಾರಿಯುದ್ದಕ್ಕೂ ಸಿಸ್ಟರರ ಓರೆ ಸಾಲು ಕಣ್ಣಮುಂದೆ ಇತ್ತು. ಈಗ ಹೇಳುತ್ತೇನೆ, ಏರಿ ಹತ್ತಿದ ಮೇಲೆ ಹೇಳುತ್ತೇನೆ, ಮೆಟ್ಟಿಲಿಳಿದ ಮೇಲೆ ಹೇಳುತ್ತೇನೆ.

ನೀರಿನ ಅಂಚಿನಲ್ಲಿ ಅತ್ತೆ ಬೋಗುಣಿಯನ್ನು ನನ್ನ ಕೈಗಿಟ್ಟರು. "ನೀನೇ ಬುಡು. ಮಗೀನ ಜ್ವರ ತಗಂಡೋಗವ್ವ ಅಂತ ಕೇಳ್ಕಂಡು ಬುಡು."

ಅವರು ಬಲವಂತ ಮಾಡಲಿಲ್ಲ. ಬೇಡ ಎಂದಿದ್ದರೆ ಏಕೆ ಎಂದು ಕೇಳುತ್ತಿದ್ದರು, ಅಷ್ಟೇ. ಆದರೆ ಆ ಐದು ಗಿಡವನ್ನು ಮನೆಗೆ ಒಯ್ದು ಸುಡುವುದು, ಮನೆಯಲ್ಲಿ ಮಗು ಸುಡುತ್ತಿರುವುದು, ಎರಡೂ ಒಂದೇ ಎಂದು ಆ ಕ್ಷಣ ನನಗೆ ಅನಿಸಿಬಿಟ್ಟಿತು. ಎಂಟು ವರ್ಷ ಕಲಿತ ಸಸ್ಯಶಾಸ್ತ್ರ, ಭೂಗೋಳ ಎಲ್ಲ ಎಲ್ಲಿಗೆ ಹೋಯಿತೋ. ಕಣ್ಣು ಮುಚ್ಚಿ ಬೋಗುಣಿಯನ್ನು ಓರೆ ಮಾಡಿದೆ. ಗಿಡಗಳು ಒಂದಕ್ಕೊಂದು ಅಂಟಿಕೊಂಡು ಜೊಂಡು ಬೆಳೆದ ಮೂಲೆಯ ಕಡೆ ನಿಧಾನವಾಗಿ ಹೋದವು.

ಮರುದಿನ ಮಧ್ಯಾಹ್ನ ಮಗುವಿನ ಜ್ವರ ಬಿಟ್ಟಿತು.

ಬಿಡದೇ ಇದ್ದಿದ್ದರೆ ನಾನು ಎಲ್ಲರಿಗೂ ಹೇಳಿಬಿಡುತ್ತಿದ್ದೆನೇನೋ. ಬಿಟ್ಟದ್ದರಿಂದ ಬಾಯಿಗೆ ಬೀಗ ಬಿತ್ತು. ನಾನು ಕೇಳಿದ್ದನ್ನು ಗೌರಮ್ಮ ಕೊಟ್ಟ ಮೇಲೆ, ಅವಳಿಗೆ ನಾನು ಕೊಟ್ಟದ್ದನ್ನು ವಾಪಸು ಕಿತ್ತುಕೊಳ್ಳುವುದು ಹೇಗೆ? ದಿನವೂ ಮಗುವಿನ ಬಟ್ಟೆ ಒಗೆಯುವ ನೆಪದಲ್ಲಿ ಕೆರೆಗೆ ಹೋಗಿ ಜೊಂಡಿನ ಮೂಲೆಯನ್ನು ನೋಡುತ್ತಿದ್ದೆ. ಮೊದಲು ಐದು. ಆಮೇಲೆ ಎಂಟು. ಹದಿನೈದು ದಿನಕ್ಕೆ ಹತ್ತೊಂಬತ್ತು. ಒಂದು ಬೆಳಿಗ್ಗೆ ಎಣಿಸಲು ಶುರು ಮಾಡಿ ಅರ್ಧಕ್ಕೇ ಲೆಕ್ಕ ತಪ್ಪಿತು. ಮತ್ತೆ ಎಣಿಸುವ ಧೈರ್ಯ ಬರಲಿಲ್ಲ. ಹಸಿರು ಚಾಪೆಯೊಂದು ಜೊಂಡಿನಿಂದ ಹೊರಗೆ ಅಂಚು ಚಾಚುತ್ತಿತ್ತು. ಅದರ ಮೇಲೆ ನೇರಳೆ ಹೂ. ದಾರಿಯಲ್ಲಿ ಹೋಗುವ ಹುಡುಗಿಯರು ನಿಂತು, ಎಷ್ಟು ಚೆಂದ ಅನ್ನುತ್ತಿದ್ದರು. ನಾನು ಒಗೆದ ಬಟ್ಟೆಯನ್ನೇ ಮತ್ತೆ ಒಗೆಯುತ್ತಿದ್ದೆ.

ಆ ಕೆರೆಯ ಕೆಳಗೇ ಊರಿನ ಗದ್ದೆ, ದಂಡಿಗೆ ಹೋಗುವ ತರಕಾರಿಯ ಮಡಿ ಎಲ್ಲ ಇದ್ದದ್ದು. ದನ ನೀರು ಕುಡಿಯುತ್ತಿದ್ದದ್ದೂ ಅಲ್ಲೇ. ಸಿಸ್ಟರರ ಹೊಂಡದಂತೆ ಅದೂ ಮುಚ್ಚಿಹೋದರೆ ಎಂದು ಅಕ್ಕಿ ಆರಿಸುವಾಗ, ಮಗುವಿಗೆ ಎಣ್ಣೆ ಒತ್ತುವಾಗ ಥಟ್ಟನೆ ನೆನಪಾಗುತ್ತಿತ್ತು.

ತೂಬು ತೆಗೆದು ಗದ್ದೆಗೆ ನೀರು ಬಿಡುವ ನೀರುಗಂಟಿ ಒಬ್ಬ ಮುದುಕ. ಅವನು ಒಂದು ದಿನ ಏರಿಯ ಮೇಲೆ ಎದುರಾದ.

"ಕೆರೇಲಿ ಹೊಸ ಸೊಪ್ಪು ಬಂದೈತೆ, ನೋಡಿದ್ರಾ ತಾಯಿ? ನಮ್ಮ ಎಮ್ಮೆ ಮೂಸಿ ನೋಡಿ ಮಕ ತಿರುಗಿಸ್ತು. ಹೆಂಡ್ರು ಮಾಡಿದ ಅಡುಗೆಗೆ ನಾನು ತಿರುಗಿಸ್ತೀನಲ್ಲ, ಹಂಗೆ."

"ಎಲ್ಲಿಂದ ಬಂತಂತೆ?" ನನ್ನ ದನಿ ನನಗೇ ಬೇರೆಯಾಗಿ ಕೇಳಿಸಿತು.

"ಇನ್ನೆಲ್ಲಿಂದ, ದಂಡಿನ ಸೋಜರದೇ ಕೆಲ್ಸ. ಮೇಲೆ ವಿಮಾನ ಹೋಗ್ತದಲ್ಲ, ಅಲ್ಲಿಂದ ಬೀಜ ಉದುರಿಸವ್ರೆ. ನಾಳೆ ಕುಡ್ಲು ತಂದು ಕೊಚ್ಚಿ ಹಾಕ್ತೀನಿ ಬುಡಿ."

ಕೊಚ್ಚಬೇಡಪ್ಪ ಅನ್ನಬೇಕಿತ್ತು. ನಿಮಗೆ ಹೇಗೆ ಗೊತ್ತು ತಾಯಿ ಎಂದು ಅವನು ಕೇಳುತ್ತಾನೆ ಎಂಬ ಹೆದರಿಕೆಗೆ ನಾನು ಮಗುವಿನ ಟೋಪಿ ಸರಿಮಾಡುತ್ತ ಮುಂದೆ ನಡೆದೆ. ಮಾರನೆಯ ದಿನ ಅವನು ಸೊಂಟದುದ್ದ ನೀರಿನಲ್ಲಿ ನಿಂತು ಕುಡುಗೋಲಿನಲ್ಲಿ ಕೊಚ್ಚುತ್ತಿದ್ದುದನ್ನು ದೂರದಿಂದ ನೋಡಿದೆ. ಪಾಪ, ಎಷ್ಟು ಶ್ರದ್ಧೆಯಿಂದ ಕೊಚ್ಚಿದ. ಸಂಜೆಯ ಗಾಳಿಗೆ ತುಂಡುಗಳು ಕೆರೆಯ ನಾಲ್ಕೂ ದಿಕ್ಕಿಗೆ ಚೆದುರಿದವು. ಎರಡು ವಾರ ಕಳೆಯುವುದರೊಳಗೆ ಒಂದು ಚಾಪೆ ಇದ್ದಲ್ಲಿ ಆರು ಚಾಪೆ.

ಹಿಂಗಾರು ಮಳೆ ಹಿಡಿಯಿತು. ಊರಿನ ಹಿರಿಯರಾದ ಮಾವ ಊಟಕ್ಕೆ ಕುಳಿತವರು, ತಟ್ಟೆಯಿಂದ ತಲೆ ಎತ್ತದೆ ಅತ್ತೆಗೆ ಹೇಳಿದರು: "ತೂಬಿನ ಬಾಯಿಗೆ ಸೊಪ್ಪು ಕಟ್ಕಂಡೈತೆ. ಕೆರೆ ತುಂಬಿ ಕೋಡಿ ಬೀಳಾಕೆ ಮೂರೇ ಗೇಣು. ಬಿತ್ತು ಅಂದ್ರೆ ನೀರಿನ ಜೊತೆ ಕೆಳಗಿನ ಕೆರೆಗೆ ಹೋಗ್ತದೆ. ಅಲ್ಲಿಂದ ಅದರ ಕೆಳಗಿಂದಕ್ಕೆ. ಆಮೇಲೆ ಯಾರಪ್ಪನ ಕೈಲೂ ಆಗಕ್ಕಿಲ್ಲ."

ನಾನು ಸಾರು ಬಡಿಸುತ್ತಿದ್ದೆ. ಸೌಟು ತಟ್ಟೆಯ ಅಂಚಿಗೆ ತಗುಲಿ ಸಾರು ಅವರ ಕೈಮೇಲೆ ಚೆಲ್ಲಿತು. ಅವರು ಕೈ ಒರೆಸಿಕೊಂಡು ಊಟ ಮುಂದುವರಿಸಿದರು. ಅತ್ತೆ ಮಾತ್ರ ನನ್ನ ಕೈಯನ್ನೇ ನೋಡಿದರು.

ಮಾವ ಹೊರಗೆ ಹೋದ ಮೇಲೆ ಅತ್ತೆ ರಾಗಿ ಕೇರಲು ಕುಳಿತರು. ಎದುರಿಗೆ ಕುಳಿತೆ.

"ಅತ್ತೆ, ಕೆರೇಲಿರೋದು ನಮ್ಮ ಬಾನಿ ಗಿಡ."

"ಗೊತ್ತು" ಎಂದರು. ಮೊರ ನಿಲ್ಲಲಿಲ್ಲ. "ಅದೇ ಹೂವು, ನಂಗೆ ಕಣ್ಣಿಲ್ವಾ? ಗೌರಮ್ಮನ ದಯ, ಹಬ್ಬಿತು ಅಂದ್ಕಂಡೆ."

"ದಯ ಅಲ್ಲ ಅತ್ತೆ. ಅದು ಕೆರೆಯನ್ನೇ ಮುಚ್ಚಿಬಿಡುತ್ತಂತೆ. ಕಿತ್ತು ಒಣಗಿಸಿ ಸುಡಬೇಕಂತೆ. ನಂಗೆ ಮೊದಲೇ ಗೊತ್ತಿತ್ತು."

ಮೊರ ನಿಂತಿತು. "ಮೊದಲೇ ಅಂದ್ರೆ?"

ಟ್ರಂಕಿನ ತಳದಿಂದ ಕಾಗದ ತಂದೆ. ಒಂದೊಂದು ಸಾಲನ್ನೂ ಕನ್ನಡದಲ್ಲಿ ಹೇಳಿದೆ. ಇನ್ನೊಂದು ಸಲ ಓದು ಎಂದರು, ಓದಿದೆ. ಅವರಿಗೆ ಸಿಟ್ಟು ಬರುತ್ತದೆ ಎಂದು ಕಾದೆ. ಅವರ ಮುಖ ಬಿಳಚಿಕೊಂಡಿತು.

"ಆ ದಿನವೇ ಓದಿ ಹೇಳಿದ್ರೆ ಬೋಗುಣಿಯಿಂದ ತೆಗೆದು ಬಿಸಾಕ್ತಿದ್ನಲ್ಲೇ. ಕುಂಕುಮ ಬೀಳೋಗಂಟ ಅದು ಬರೀ ಗಿಡ. ಈಗ ಏರಿಸಿದ್ದಾಯ್ತು, ಮಗೀನ ಹೆಸರು ಹೇಳಿ ಬುಟ್ಟಿದ್ದಾಯ್ತು. ಈಗ ಅದಕ್ಕೆ ಬೆಂಕಿ ಇಡು ಅಂತೀಯಲ್ಲ. ಮಗೀಗೆ ಏನಾರ ಆದ್ರೆ?"

"ಅದಕ್ಕೇ ನಾನೂ ಹೇಳಲಿಲ್ಲ ಅತ್ತೆ."

ಇಬ್ಬರೂ ತೊಟ್ಟಿಲ ಕಡೆ ನೋಡಿದೆವು. ಮಗು ನಿದ್ದೆಯಲ್ಲಿ ತುಟಿ ಚೀಪುತ್ತಿತ್ತು. ಅಷ್ಟು ದಿನ ಒಬ್ಬಳೇ ಹೆದರುತ್ತಿದ್ದೆ; ಆಗ ಇಬ್ಬರಾದೆವು. ಹೆದರಿಕೆ ಅರ್ಧವಾಗಲಿಲ್ಲ. ಸೂರಿನಿಂದ ನೀರು ತೊಟ್ಟಿಕ್ಕುವುದು ಕೇಳುತ್ತಿತ್ತು. ಅತ್ತೆ ಅದಕ್ಕೆ ಕಿವಿಗೊಟ್ಟು, ಮೊಣಕಾಲಿಗೆ ಕೈಯೂರಿ ಎದ್ದರು. "ಕೆಳಗಿನ ಕೆರೆ ಊರಲ್ಲೂ ಮಕ್ಕಳವ್ರೆ" ಎಂದಷ್ಟೇ ಹೇಳಿ ಮಾವನನ್ನು ಹುಡುಕಿಕೊಂಡು ಹೋದರು.

ಅರ್ಧ ಗಂಟೆಯಲ್ಲಿ ಮಾವ ಬಾಗಿಲ ಹೊರಗೆ ನಿಂತು ಕೂಗಿದರು. ಏನು ಮಾಡಿಬಿಟ್ಟೆ ಎಂದು ಕೇಳಲಿಲ್ಲ. "ಹೆಂಗೆ ಕೀಳಬೇಕು ಅಂತ ಬರೆದವ್ರೆ, ಬಂದು ಹೇಳು" ಎಂದರು.

ಊರಿನ ಗಂಡಸರ ಎದುರಿಗೆ ನಾನು ಅದುವರೆಗೆ ಬಾಯಿ ಬಿಟ್ಟವಳಲ್ಲ. ಏರಿಯ ಮೇಲೆ ಸೆರಗು ಬಿಗಿಹಿಡಿದು ನಿಂತು ನೀರುಗಂಟಿಗೆ ಹೇಳಿದೆ. ಅವನು ಉಳಿದವರಿಗೆ ಕೂಗಿ ಹೇಳಿದ. ಕತ್ತರಿಸಬಾರದು, ಬುಡಕ್ಕೆ ಕೈ ಹಾಕಿ ಎತ್ತಬೇಕು, ಹೊರುವ ಮಂಕರಿಯಿಂದ ಒಂದು ತುಂಡೂ ಜಾರಬಾರದು, ದಿಬ್ಬದ ಮೇಲೆ ಬೇರು ಮೇಲಾಗಿ ಹರಡಬೇಕು.

"ಅಂಗಾದ್ರೆ ನಾನು ಕೊಚ್ಚಿದ್ದು?" ನೀರುಗಂಟಿ ನಡುವೆ ಕೇಳಿದ.

"ಅದರಿಂದಲೇ ಹೆಚ್ಚಾಯ್ತು. ತಪ್ಪು ನಂದು. ನಾನು ಹೇಳಬೇಕಿತ್ತು."

ಅವನು ತಲೆ ಕೆರೆದುಕೊಂಡು ನೀರಿನ ಕಡೆ ತಿರುಗಿದ. "ಕೇಳ್ರಪ್ಪೋ, ನಾನು ಕೊಚ್ಚಲಿಲ್ವಂತೆ, ನಾಟಿ ಹಾಕಿದ್ದಂತೆ. ನನ್ನ ಗದ್ದೇಲಿ ಒಂದು ಸಲನೂ ಇಂಥ ಬೆಳೆ ಬಂದಿರಲಿಲ್ಲ."

ನೀರಿನಲ್ಲಿದ್ದವರು ನಕ್ಕರು. ನನಗೆ ಅಳು ಬಂತು.

ನಾಲ್ಕು ದಿನ ಕಿತ್ತರು. ಉದ್ದ ಕೊಕ್ಕೆಯ ದೋಟಿಯಲ್ಲಿ ದಡಕ್ಕೆಳೆದು, ಮಂಕರಿಗೆ ತುಂಬಿ, ದಿಬ್ಬಕ್ಕೆ ಹೊತ್ತರು. ಹೆಂಗಸರು ಜೊಂಡಿನ ನಡುವೆ ಕೈಯಾಡಿಸಿ ಮರಿಗಳನ್ನು ಹುಡುಕಿದೆವು. ಅಂಗೈ ಬಿರಿದು ವಾರವಿಡೀ ಉರಿಯಿತು. ಆ ನಾಲ್ಕೂ ದಿನ ಅತ್ತೆ ಮನೆಯಿಂದ ಹೊರಗೆ ಬರಲಿಲ್ಲ. ಮಗುವನ್ನು ತೊಡೆಯ ಮೇಲಿಂದ ಇಳಿಸಲಿಲ್ಲ. ಹಾಲು ಕೊಡಲು ಹೋದರೆ ಕೊಟ್ಟು, ಮತ್ತೆ ಎತ್ತಿಕೊಳ್ಳುತ್ತಿದ್ದರು. ಮಗುವಿನ ಹಣೆಯಲ್ಲಿ ವಿಭೂತಿ ಬೆರಳಿನ ದಪ್ಪಕ್ಕೆ ಇತ್ತು.

ಕಿತ್ತು ಮುಗಿದ ಮೇಲೆ ದೇವರು ನಡೆಸಿದ ಹಾಗೆ ಮೂರು ದಿನ ಬಿಸಿಲು ಕಾದು, ರಾಶಿ ಕಂದುಬಣ್ಣಕ್ಕೆ ತಿರುಗಿತು. ನಾಲ್ಕನೆಯ ದಿನ ಮತ್ತೆ ಮೋಡ ಕವಿದಾಗ ಮಾವ, ಇನ್ನು ಕಾಯುವಂತಿಲ್ಲ ಎಂದರು. ಒಣಹುಲ್ಲು ಸುತ್ತಿದ ಕೊಳ್ಳಿ ಸಿದ್ಧವಾಯಿತು. ಅಷ್ಟು ಹೊತ್ತಿಗೆ ಆ ಗಿಡ ಬಂದ ಕಥೆ ಊರಿಗೆಲ್ಲ ತಿಳಿದಿತ್ತು. ಯಾರೂ ಕೈ ಚಾಚಲಿಲ್ಲ.

"ಕೀಳು ಅಂದ್ರಿ, ಕಿತ್ತೆ" ಎಂದ ನೀರುಗಂಟಿ. ಈಗ ಅವನ ದನಿಯಲ್ಲಿ ತಮಾಷೆ ಇರಲಿಲ್ಲ. "ಗೌರಮ್ಮ ಮುಡಿದಿದ್ದಕ್ಕೆ ಬೆಂಕಿ ಇಡೋದು ನನ್ನ ಕೈಲಾಗಲ್ಲ ತಾಯಿ. ನಂಗೂ ಮೊಮ್ಮಕ್ಕಳವ್ರೆ."

ಮಾವ ಕೈ ಮುಂದೆ ಮಾಡಿದರು. ಮಗುವಿನ ಹೆಸರು ಹೇಳಿ ನೀರಿಗೆ ಬಿಟ್ಟವಳು ನಾನು. ಅದರ ಫಲ ಇನ್ನೊಬ್ಬರ ತಲೆಗೆ ಬರುವುದು ಬೇಡ ಎಂದು ಕೊಳ್ಳಿಯನ್ನು ನಾನೇ ತೆಗೆದುಕೊಂಡೆ. ಏನು ಹೇಳಿ ಹಚ್ಚಬೇಕು ಎಂದು ತಿಳಿಯಲಿಲ್ಲ. ಕಾನ್ವೆಂಟಿನಲ್ಲಿ ಕಲಿತ ಪ್ರಾರ್ಥನೆಯೂ ಬರಲಿಲ್ಲ, ಅತ್ತೆ ಹೇಳಿಕೊಟ್ಟ ಹಾಡೂ ಬರಲಿಲ್ಲ. ಸುಮ್ಮನೆ ಇಟ್ಟೆ. ಮೊದಲು ದಟ್ಟ ಬಿಳಿ ಹೊಗೆ, ಆಮೇಲೆ ಊದಿದ ಕಾಂಡಗಳು ಒಂದೊಂದಾಗಿ ಪಟ್ ಪಟ್ ಒಡೆದವು. 

ಮನೆಗೆ ಓಡಿದೆ. ನಡೆದೆ ಎಂದು ಬರೆಯಲು ನಾಚಿಕೆಯಾಗಬೇಕು, ಓಡಿದೆ. ಅತ್ತೆಯ ತೊಡೆಯ ಮೇಲಿದ್ದ ಮಗುವಿನ ಹಣೆಗೆ ಕೈಯಿಟ್ಟೆ. ಬೆಂಕಿಯ ಮುಂದೆ ನಿಂತು ಬಂದ ಕೈ. ಬಿಸಿಯಾಗಿರುವುದು ಮಗುವೋ ನಾನೋ ಗೊತ್ತಾಗಲಿಲ್ಲ. ಕೆನ್ನೆ ಮುಟ್ಟಿದೆ, ಕುತ್ತಿಗೆ ಮುಟ್ಟಿದೆ, ಎಲ್ಲ ಕಡೆಯೂ ಒಂದೇ ಬಿಸಿ.

"ಬುಡು, ಬುಡು. ನನ್ನ ಕೈ ತಣ್ಣಗೈತೆ" ಎಂದು ಅತ್ತೆ ನನ್ನ ಕೈ ಸರಿಸಿ ತಮ್ಮದನ್ನಿಟ್ಟರು. ಕಣ್ಣು ಮುಚ್ಚಿಕೊಂಡು ಇಟ್ಟರು. ನಾನು ಅವರ ರೆಪ್ಪೆಯನ್ನೇ ನೋಡುತ್ತಿದ್ದೆ.

"ಇಲ್ಲ" ಎಂದರು. "ಈಗೇನಿಲ್ಲ."

ಆ "ಈಗ" ಎಂಬ ಮಾತನ್ನು ಇಬ್ಬರೂ ಗಮನಿಸಿದೆವು.

ಎರಡು ದಿನದ ನಂತರ ಕೋಡಿ ಬಿತ್ತು. ಮಾವ ಮೊದಲೇ ಕೋಡಿಗೆ ಅಡ್ಡಲಾಗಿ ಬಿದಿರಿನ ತಟ್ಟಿ ಎರಡು ಸಾಲು ನಿಲ್ಲಿಸಿದ್ದರು. ನೀರು ಹರಿದಷ್ಟು ದಿನ ಊರಿನವರು ಸರದಿಯ ಮೇಲೆ ಅಲ್ಲಿ ನಿಂತು, ತಟ್ಟಿಗೆ ಸಿಕ್ಕಿದ್ದನ್ನು ಎತ್ತಿ ಬುಟ್ಟಿಗೆ ಹಾಕಬೇಕೆಂದಾಯಿತು. ಎಲೆ, ಕಡ್ಡಿ, ಸತ್ತ ಏಡಿ, ನಡುವೆ ಒಂದೊಂದು ಮರಿಗಿಡ. ಕೆಂಪು ನೀರು ಅಷ್ಟು ರಭಸದಲ್ಲಿ ಹೋಗುವಾಗ ತಟ್ಟಿಯ ಸಂದಿನಲ್ಲಿ ಏನು ದಾಟಿತು, ಏನು ದಾಟಲಿಲ್ಲ ಎಂದು ಯಾರು ಹೇಳಬಲ್ಲರು? ನಾನು ನೀರುಗಂಟಿಯನ್ನು ಕೆಳಗಿನ ಕೆರೆಗೆ ಮೂರು ಸಲ ಕಳಿಸಿದೆ. ಮೂರು ಸಲವೂ "ಏನಿಲ್ಲ ತಾಯಿ" ಎಂದ. ನಾಲ್ಕನೆಯ ಸಲ ನಾನೇ ಹೋಗಿ ನೋಡಿ ಬಂದೆ. ಇರಲಿಲ್ಲ. ಮುಂದಿನ ವರ್ಷವೂ ಹೋದೆ.

ಕೋಡಿ ನಿಲ್ಲುವ ಹೊತ್ತಿಗೆ, ನಮ್ಮ ಮನೆಯ ಸರದಿಯ ದಿನ, ಅತ್ತೆ ಮಗುವನ್ನು ಸೊಂಟದ ಮೇಲಿಟ್ಟುಕೊಂಡು ತಾವೇ ಬಂದರು. ತಟ್ಟಿಯನ್ನೇ ದಿಟ್ಟಿಸಿ ನಿಂತರು. ನನಗೆ ಕಾಣದ್ದು ಅವರಿಗೆ ಕಂಡಿತು. "ಅಲ್ಲೊಂದು" ಎಂದು, ಮಗುವನ್ನು ನನ್ನ ಕೈಗೆ ಕೊಟ್ಟು, ಸೀರೆ ಎತ್ತಿ ಕಟ್ಟಿ ನೀರಿಗಿಳಿದರು. ಹೆಬ್ಬೆರಳಿನಷ್ಟು ಗಿಡ. ಎರಡು ಎಲೆ, ಒಂದು ಎಳೆ ಬೇರು. ಬುಟ್ಟಿಗೆ ಹಾಕಲಿಲ್ಲ, ಮುಷ್ಟಿಯಲ್ಲಿ ಹಿಡಿದು ಮನೆಗೆ ತಂದರು. ಅಡುಗೆಮನೆಗೆ ಹೋಗಿ ಉರಿಯುವ ಒಲೆಯೊಳಗೆ ಹಾಕಿದರು.

ಹಸಿಯಾಗಿದ್ದುದರಿಂದ ಅದು ಬೇಗ ಹತ್ತಿಕೊಳ್ಳಲಿಲ್ಲ. ಬಹಳ ಹೊತ್ತು ಚುಂಯ್‌ಗುಡುತ್ತ ಹೊಗೆಯಾಡಿತು. ಅತ್ತೆ ಒಲೆಯ ಕಡೆ ನೋಡಲಿಲ್ಲ. ಒದ್ದೆ ಸೀರೆಯಲ್ಲೇ ನನ್ನ ಎದುರು ಕುಳಿತು, ನನ್ನ ಮಡಿಲಲ್ಲಿ ಕೈಕಾಲು ಬಡಿಯುತ್ತಿದ್ದ ಮಗುವಿನ ಪಾದವನ್ನು ಹಿಡಿದುಕೊಂಡು, ಆ ಹೊಗೆ ನಿಲ್ಲುವವರೆಗೂ ಬಿಡಲಿಲ್ಲ.